ಲೆವಿ-ಮೊಂಟಾಲ್ಚಿನಿ, ರೀಟಾ

(1909-2012). ಇಟಲಿಯ ನರವಿಜ್ಞಾನಿ; ನರಕೋಶಗಳ ಬೆಳವಣಿಗೆಗೂ ಉಳಿವಿಗೂ ಅಗತ್ಯವಾದ ನರ ಬೆಳವಣಿಗೆ ಅಂಶ ಎಂಬ ಪ್ರೋಟೀನನ್ನು ಕಂಡುಹಿಡಿದವರು. ಜನನ 1909 ಏಪ್ರಿಲ್ 22ರಂದು, ಟ್ಯೂರಿನ್ ನಗರದ ಯಹೂದಿ ಕುಟುಂಬದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂಗಾಂಶ ವಿಜ್ಞಾನಿ ಜುಸೆಪ್ಪೆ ಲೆವಿಯವರ ಶಿಷ್ಯೆಯಾಗಿ 1936ರಲ್ಲಿ ವೈದ್ಯಕೀಯ ಪದವಿ ಪಡೆದರು. 1938ರ ಜನಾಂಗೀಯ ಕಾನೂನುಗಳಿಂದಾಗಿ ಯಹೂದಿಗಳು ವಿಶ್ವವಿದ್ಯಾಲಯಗಳಿಂದ ಹೊರಗಾದ ಮೇಲೆ ಮನೆಯ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಹೂಡಿ, ಕೋಳಿ ಭ್ರೂಣದ ನರಕೋಶಗಳನ್ನು ಅಧ್ಯಯನ ಮಾಡಿದರು. ಆ ಕೆಲಸವನ್ನು ಗಮನಿಸಿದ ಭ್ರೂಣವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರರ ಆಹ್ವಾನದಂತೆ 1947ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು.

ಇಲಿಯ ಗಂತಿಯನ್ನು ಕೋಳಿ ಭ್ರೂಣಕ್ಕೆ ಕಸಿ ಮಾಡಿದಾಗ ನರತಂತುಗಳು ಹುಲುಸಾಗಿ ಬೆಳೆದವು; ಗಂತಿಯಿಂದ ಸ್ರವಿಸುವ ವಸ್ತುವೇ ಇದಕ್ಕೆ ಕಾರಣವೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಸಹೋದ್ಯೋಗಿ ಸ್ಟಾನ್ಲಿ ಕೋಹೆನ್ ಹಾವಿನ ವಿಷದಲ್ಲೂ ಇಲಿಯ ಲಾಲಾಗ್ರಂಥಿಯಲ್ಲೂ ಅದೇ ವಸ್ತುವನ್ನು ಪತ್ತೆ ಮಾಡಿ ಶುದ್ಧೀಕರಿಸಿದರು. ನರಮಂಡಲದ ರಚನೆಯನ್ನು ರಾಸಾಯನಿಕ ಸಂಕೇತಗಳೂ ನಿಯಂತ್ರಿಸುತ್ತವೆ ಎಂಬುದು ಇದರಿಂದ ಸ್ಥಿರಪಟ್ಟಿತು. ಬೆಳವಣಿಗೆ ಅಂಶಗಳ ಸಂಶೋಧನೆಗೆ ದಾರಿಯಾಯಿತು. ಇಬ್ಬರಿಗೂ 1986ರಲ್ಲಿ ಶರೀರಕ್ರಿಯಾವಿಜ್ಞಾನ ಅಥವಾ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. 2001ರಲ್ಲಿ ಇಟಲಿಯ ಸೆನೆಟ್ಟಿನ ಆಜೀವ ಸದಸ್ಯರಾಗಿ ನೇಮಕಗೊಂಡರು. 2012 ಡಿಸೆಂಬರ್ 30ರಂದು ರೋಮ್‌ನಲ್ಲಿ ನಿಧನರಾದರು.