ವಾಪಸ್ ಬಂದ ಪಾರ್ಸೆಲ್‌ನ ಖರ್ಚು ಯಾರ ತಲೆ ಮೇಲೆ?

📦 ಭಾಗ 1/5: ವಿ.ಪಿ. ಕಾಲ

ಕ್ಯಾಶ್ ಆನ್ ಡೆಲಿವರಿ ಅಂದ ತಕ್ಷಣ ನಮಗೆಲ್ಲ ಫ್ಲಿಪ್‌ಕಾರ್ಟ್ ನೆನಪಾಗುತ್ತೆ. ಅವರು ಅದನ್ನು ಶುರು ಮಾಡಿದ್ದು 2010ರಲ್ಲಿ. ಆದರೆ ನಮ್ಮ ದೇಶದ ಅಂಚೆಯವರು ಇದೇ ಕೆಲಸವನ್ನು 1877ರಲ್ಲೇ ಶುರು ಮಾಡಿದ್ದರು! ಹೆಸರು ವ್ಯಾಲ್ಯೂ ಪೇಯಬಲ್ ಪೋಸ್ಟ್. ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ, "ವಿ.ಪಿ.ಯಲ್ಲಿ ತರಿಸ್ತಿದ್ವಿ" ಅಂತಾರೆ. ಪುಸ್ತಕ, ಔಷಧಿ, ಕೈಗಡಿಯಾರ ಎಲ್ಲ ಹೀಗೇ ಊರಿಗೆ ಬರುತ್ತಿದ್ದವು. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು ದುಡ್ಡು ತಗೊಂಡು ಕಟ್ಟು ಕೊಡುವುದು, ಆ ದುಡ್ಡನ್ನು ಅಂಚೆ ಇಲಾಖೆ ಮಾರಿದವರಿಗೆ ತಲುಪಿಸುವುದು.

ಆಗಲೂ ಒಂದು ತಲೆನೋವಿತ್ತು. ತರಿಸಿದವರು "ಬೇಡ" ಅಂದರೆ ಕಟ್ಟು ವಾಪಸ್. ಹಾಕಿದ ಅಂಚೆ ಖರ್ಚು ಕಳಿಸಿದವರ ಮೈಮೇಲೆ. ಅಂದರೆ ಸಣ್ಣ ಮಾರಾಟಗಾರನ ಈ ಸಂಕಟಕ್ಕೆ ಹತ್ತಿರ ಹತ್ತಿರ 150 ವರ್ಷ ವಯಸ್ಸು.

ಆದರೆ ಒಂದು ವ್ಯತ್ಯಾಸ ನೋಡಿ. ಅಂಚೆ ದರ ಬದಲಾಗಬೇಕಾದರೆ 1898ರ ಅಂಚೆ ಕಾಯ್ದೆ ಪ್ರಕಾರ ಗೆಜೆಟ್‌ನಲ್ಲಿ ಪ್ರಕಟ ಆಗಬೇಕಿತ್ತು. ಜಾಸ್ತಿ ಆಯ್ತು ಅನ್ನಿಸಿದರೆ ಬೈಯೋಕೆ ಒಂದು ಸರ್ಕಾರ ಇತ್ತು. ಈ ಮಾತು ನೆನಪಿಟ್ಟುಕೊಂಡಿರಿ, ಕೊನೆಯ ಭಾಗದಲ್ಲಿ ಬೇಕಾಗುತ್ತೆ.

📦 ಭಾಗ 2/5: ಮುರಿದ ಲೇಸರ್ ಪಾಯಿಂಟರ್

1995ರ ಸೆಪ್ಟೆಂಬರ್, ಅಮೆರಿಕದ ಕ್ಯಾಲಿಫೋರ್ನಿಯಾ. ಪಿಯರ್ ಒಮಿಡ್ಯಾರ್ ಅನ್ನೋ ಪ್ರೋಗ್ರಾಮರ್ 'ಆಕ್ಷನ್‌ವೆಬ್' ಅಂತ ಒಂದು ಸೈಟ್ ಮಾಡಿದ. ಅಲ್ಲಿ ಮೊದಲು ಮಾರಾಟವಾಗಿದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಇದೇ ಮುಂದೆ ಇಬೇ ಆಯಿತು.

ಶುರುವಿನಲ್ಲಿ ಎಲ್ಲ ಫ್ರೀ. ಜನ ಜಾಸ್ತಿ ಬಂದು ಇಂಟರ್ನೆಟ್ ಬಿಲ್ ಏರಿದ ಮೇಲೆ ಆತ ಮಾರಾಟದ ಮೇಲೆ ಸಣ್ಣ ಶುಲ್ಕ ಹಾಕಿದ. ತಪ್ಪೇನಿಲ್ಲ ಬಿಡಿ, ಸಂತೆಯಲ್ಲೂ ನೆಲಬಾಡಿಗೆ ಕೊಡ್ತೀವಲ್ಲ. ಆದರೆ 1998ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಹೋಯಿತು. ಆಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ ಲಾಭ ಬೆಳೆದಿದೆ ಅಂತ ಷೇರುದಾರರಿಗೆ ತೋರಿಸಬೇಕಲ್ಲ?

2008ರ ಜನವರಿಯಲ್ಲಿ ಇಬೇ ಎರಡು ಬದಲಾವಣೆ ಘೋಷಿಸಿತು. ಒಂದು, ಲಿಸ್ಟಿಂಗ್ ಶುಲ್ಕ ಸ್ವಲ್ಪ ಇಳಿಸಿ, ಮಾರಾಟವಾದ ಮೇಲೆ ಹಿಡಿಯುವ ಕಮಿಷನ್ ಏರಿಸಿತು. 25 ಡಾಲರ್‌ವರೆಗಿನ ಬೆಲೆಗೆ ಶೇ. 5.25 ಇದ್ದದ್ದು ಶೇ. 8.75 ಆಯಿತು. ಎರಡು, ಮಾರುವವರು ಇನ್ನು ಮೇಲೆ ಕೊಳ್ಳುವವರಿಗೆ ಕೆಟ್ಟ ರೇಟಿಂಗ್ ಕೊಡುವ ಹಾಗಿಲ್ಲ. ಕೊಳ್ಳುವವರು ಮಾತ್ರ ಕೊಡಬಹುದು. ಸೇಡು ತೀರಿಸಿಕೊಳ್ಳೋಕೆ ಮಾರಾಟಗಾರರು ಕೆಟ್ಟ ರೇಟಿಂಗ್ ಕೊಡ್ತಾರೆ ಅನ್ನೋದು ಕಂಪನಿಯ ವಾದ. ಅದರಲ್ಲೂ ಸ್ವಲ್ಪ ಸತ್ಯ ಇತ್ತು. ಆದರೂ ಸಿಟ್ಟಿಗೆದ್ದ ಮಾರಾಟಗಾರರು ಫೆಬ್ರವರಿಯಲ್ಲಿ ಒಂದು ವಾರ ಬಹಿಷ್ಕಾರ ಹೂಡಿದರು. ಕಮಿಷನ್ ಮಾತ್ರ ಇಳಿಯಲಿಲ್ಲ.

2011ರಲ್ಲಿ ಅಂಚೆ ಖರ್ಚಿನ ಮೇಲೂ ಕಮಿಷನ್ ಬಂತು! ಕೆಲವರು ವಸ್ತುವಿಗೆ ಒಂದು ಸೆಂಟ್, ಸಾಗಣೆಗೆ 20 ಡಾಲರ್ ಅಂತ ಹಾಕಿ ಕಮಿಷನ್ ತಪ್ಪಿಸುತ್ತಿದ್ದರು. ಅವರು ಮಾಡಿದ ಚಾಲಾಕಿಗೆ ನಿಯತ್ತಿನವರೂ ದಂಡ ಕಟ್ಟಬೇಕಾಯಿತು.

📦 ಭಾಗ 3/5: ಕೈಕೆಲಸದವರ ಮುಷ್ಕರ

ಇಬೇ ಬೇಜಾರಾದವರಲ್ಲಿ ತುಂಬಾ ಜನ ಎಟ್ಸಿ ಕಡೆ ಹೋದರು. 2005ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಇದು ಕೈಯಿಂದ ಮಾಡಿದ ವಸ್ತುಗಳ ಸಂತೆ. ಕಮಿಷನ್ ಶೇ. 3.5 ಮಾತ್ರ. 2015ರಲ್ಲಿ ಇದೂ ಷೇರು ಮಾರುಕಟ್ಟೆಗೆ ಹೋಯಿತು. 2018ರಲ್ಲಿ ಕಮಿಷನ್ ಶೇ. 5 ಆಯಿತು, ಅದೂ ಅಂಚೆ ಖರ್ಚನ್ನೂ ಸೇರಿಸಿ. 2019ರಲ್ಲಿ, ಅಮೆರಿಕದ ಗ್ರಾಹಕರಿಗೆ 35 ಡಾಲರ್ ಮೇಲಿನ ಆರ್ಡರ್ ಉಚಿತವಾಗಿ ಕಳಿಸುವ ಅಂಗಡಿಗಳನ್ನು ಹುಡುಕಾಟದಲ್ಲಿ ಮೇಲೆ ತೋರಿಸ್ತೀವಿ ಅಂದರು. ಗ್ರಾಹಕರಿಗೆ "ಉಚಿತ", ಆದರೆ ದುಡ್ಡು ಯಾರ ಜೇಬಿಂದ ಹೋಯ್ತು ಅಂತ ಬೇರೆ ಹೇಳಬೇಕಾ?

2022ರ ಏಪ್ರಿಲ್ 11ರಂದು ಕಮಿಷನ್ ಶೇ. 6.5ಕ್ಕೆ ಏರಿತು. ಅದೇ ದಿನದಿಂದ ಒಂದು ವಾರ ಸಾವಿರಾರು ಮಂದಿ ತಮ್ಮ ಅಂಗಡಿಯನ್ನು 'ವೆಕೇಶನ್ ಮೋಡ್‌'ಗೆ ಹಾಕಿ ಮುಷ್ಕರ ಮಾಡಿದರು. ಕಾರ್ಖಾನೆ ಗೇಟ್ ಮುಂದೆ ಕೂರೋ ಮುಷ್ಕರ ಅಲ್ಲ ಇದು, ಅವರವರ ಮನೆಯಲ್ಲೇ ಒಂದು ಬಟನ್ ಒತ್ತಿ ಮಾಡಿದ್ದು. ಶೇ. 6.5 ಹಾಗೇ ಉಳಿಯಿತು.

📦 ಭಾಗ 4/5: ನಮ್ಮ ಕಡೆ ಬರೋಣ

ಇಬೇ ಭಾರತಕ್ಕೆ ಬಂದದ್ದು 2004ರಲ್ಲಿ, ಬಾಝೀ ಡಾಟ್ ಕಾಮ್ ಕೊಂಡುಕೊಂಡು. 2018ರ ಆಗಸ್ಟ್‌ನಲ್ಲಿ ಇಬೇ ಇಂಡಿಯಾ ಮುಚ್ಚಿತು. ವರ್ಷಗಟ್ಟಲೆ ಕಟ್ಟಿದ್ದ ರೇಟಿಂಗ್, ಹೆಸರು ಎಲ್ಲ ಸೈಟ್ ಜೊತೆಗೇ ಹೋಯಿತು. ಪೇಟೆ ಬೀದಿಯಲ್ಲಿ ಅಂಗಡಿ ಖಾಲಿ ಮಾಡಿದರೂ ಪಕ್ಕದ ಬೀದಿಗೆ ಗಿರಾಕಿ ಬರ್ತಾರೆ. ಇಲ್ಲಿ ಆ ದಾರಿಯೂ ಇಲ್ಲ.

ಜಿಎಸ್‌ಟಿ ಕಥೆ ಇನ್ನೊಂದು. 2017ರಿಂದ, ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರಬೇಕೆಂದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕೇ ಬೇಕು ಅಂತಾಯಿತು. ಅದೇ ಸರಕನ್ನು ಬೀದಿ ಅಂಗಡಿಯಲ್ಲಿ ಮಾರಿದರೆ ಒಂದು ಮಿತಿವರೆಗೆ ಬೇಡ. ಆ ಮಿತಿ ಈಗ ಕರ್ನಾಟಕದಲ್ಲಿ ಸರಕಿಗೆ 40 ಲಕ್ಷ. 2023ರ ಅಕ್ಟೋಬರ್ 1ರಿಂದ ಸ್ವಲ್ಪ ಸಡಿಲ ಮಾಡಿದ್ದಾರೆ, ಆದರೆ ರಾಜ್ಯದೊಳಗೆ ಮಾರುವವರಿಗೆ ಮಾತ್ರ. ಅಂದರೆ ಬೆಳಗಾವಿಯಿಂದ ದೂರದ ಬೀದರ್‌ಗೆ ಕಳಿಸಬಹುದು, ಪಕ್ಕದ ಕೊಲ್ಲಾಪುರಕ್ಕೆ ಕಳಿಸಬೇಕಾದರೆ ನೋಂದಣಿ!

ನಮ್ಮ ಬೀದಿಯಲ್ಲೊಬ್ಬರು ಅಕ್ಕ ಖಣದ ಬಟ್ಟೆಯಲ್ಲಿ ಬ್ಯಾಗ್ ಹೊಲಿದು ಒಂದು ಆ್ಯಪ್‌ನಲ್ಲಿ ಮಾರ್ತಾರೆ. ಲಿಸ್ಟಿಂಗ್ ಫಾರ್ಮ್‌ನಲ್ಲಿ ಬಟ್ಟೆಯ ಪಟ್ಟಿ ಇದೆ, ಅದರಲ್ಲಿ 'ಖಣ' ಇಲ್ಲ. 'ಇತರೆ' ಅಂತ ಹಾಕಿದ್ದಾರೆ. ಹುಡುಕೋರಿಗೆ 'ಇತರೆ' ಎಲ್ಲಿ ಸಿಗುತ್ತೆ ಹೇಳಿ?

ಇನ್ನು ಸಾಗಣೆ. ಕೊರಿಯರ್‌ನವರು ತೂಕ ಒಂದೇ ನೋಡಲ್ಲ, ಗಾತ್ರವನ್ನೂ ನೋಡ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ. ಡಬ್ಬ 30, 25, 10 ಇದ್ದರೆ ಒಳಗಿನ ಬ್ಯಾಗ್ 400 ಗ್ರಾಂ ಇದ್ದರೂ ಬಿಲ್ ಒಂದೂವರೆ ಕಿಲೋಗೆ! ಹಾಗಾಗಿ ಅಕ್ಕ ಈಗ ಡಬ್ಬ ಬಿಟ್ಟು ಕವರ್‌ನಲ್ಲಿ ಮಡಚಿ ಕಳಿಸ್ತಾರೆ.

ಆಮೇಲೆ ಆರ್‌ಟಿಒ. ಲೈಸೆನ್ಸ್ ಮಾಡಿಸೋ ಆಫೀಸ್ ಅಲ್ಲ 😅 'ರಿಟರ್ನ್ ಟು ಒರಿಜಿನ್', ಅಂದರೆ ಡೆಲಿವರಿ ಆಗದೆ ವಾಪಸ್ ಬಂದ ಪಾರ್ಸೆಲ್. ಬಿಕಾಂನವಳಾಗಿ ಒಂದು ಲೆಕ್ಕ ಹಾಕ್ತೀನಿ, ಅಂಕಿ ಉದಾಹರಣೆಗೆ ಮಾತ್ರ. ಬೆಲೆ 300. ಬಟ್ಟೆ, ಹೊಲಿಗೆ 180. ಕಮಿಷನ್, ಸಾಗಣೆ ಎಲ್ಲ ಸೇರಿ 80. ಉಳಿಯೋದು 40. ವಾಪಸ್ ಬಂದ ಒಂದು ಪಾರ್ಸೆಲ್‌ಗೆ ಹೋಗಿಬರೋ ಖರ್ಚು 120 ಅವರ ಮೇಲೆ ಬಿದ್ದರೆ ಮೂರು ಬ್ಯಾಗ್‌ನ ಲಾಭ ಹೋಯ್ತು. ವಾರಕ್ಕೆ ಎಂಟು ಮಾರಿ ಎರಡು ವಾಪಸ್ ಬಂದರೆ? ಉಳಿದ ಆರರ ಲಾಭ 240, ನಷ್ಟವೂ 240. ಇಡೀ ವಾರ ಹೊಲಿದಿದ್ದು ಸೊನ್ನೆಗೆ.

📦 ಭಾಗ 5/5: ಹಾಗಾದರೆ ಏನು?

ಆ್ಯಪ್‌ಗಳೇ ಬೇಡ ಅಂತ ನಾನು ಹೇಳ್ತಿಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಕಥೆ ಕೇಳಿದ್ದೀವಿ. ಕಮಿಷನ್ ಇಲ್ಲ ನಿಜ, ಆದರೆ ಎಷ್ಟು ಊರು ತಿರುಗೋಕಾಗುತ್ತೆ? ಅಕ್ಕನ ಬ್ಯಾಗ್ ಇವತ್ತು ಅವರು ನೋಡದ ಊರಿಗೆ ಹೋಗ್ತಿದೆ. ಅದಕ್ಕೆ ಶುಲ್ಕ ಕೊಡೋದು ನ್ಯಾಯವೇ.

ಸ್ಪರ್ಧೆ ಬಂದಾಗ ಶುಲ್ಕ ಇಳಿದಿದ್ದೂ ಇದೆ. 2021ರಲ್ಲಿ ಬೆಂಗಳೂರಿನ ಮೀಶೋ ಕಮಿಷನ್ ಸೊನ್ನೆ ಮಾಡಿತು. 2025ರಲ್ಲಿ ಅಮೆಜಾನ್ ಇಂಡಿಯಾ 300 ರೂಪಾಯಿಗಿಂತ ಕಡಿಮೆ ಬೆಲೆಯ ಕೋಟಿಗೂ ಹೆಚ್ಚು ವಸ್ತುಗಳಿಗೆ ರೆಫರಲ್ ಶುಲ್ಕ ತೆಗೆಯಿತು. ಕಮಿಷನ್ ಸೊನ್ನೆ ಅಂದರೆ ಖರ್ಚು ಸೊನ್ನೆ ಅಲ್ಲ, ಸಾಗಣೆ, ಜಾಹೀರಾತು, ವಾಪಸಾತಿ ಇದ್ದೇ ಇರುತ್ತೆ. ಆದರೂ ಒಳ್ಳೆಯದೇ. ಆದರೆ ಇವತ್ತು ಕೊಟ್ಟಿದ್ದನ್ನು ನಾಳೆ ವಾಪಸ್ ತಗೋಬಹುದು. 3.5 ಹೇಗೆ 6.5 ಆಯ್ತು ಅಂತ ಈಗಷ್ಟೇ ಓದಿದ್ರಲ್ಲ.

ಭಾಗ 1ರಲ್ಲಿ ಗೆಜೆಟ್ ನೆನಪಿಟ್ಟುಕೊಳ್ಳಿ ಅಂದಿದ್ದೆ. ಯುರೋಪಿಯನ್ ಒಕ್ಕೂಟ 2019ರಲ್ಲಿ ಒಂದು ನಿಯಮ ತಂದು 2020ರ ಜುಲೈನಿಂದ ಜಾರಿ ಮಾಡಿತು. ಅದರ ಪ್ರಕಾರ ಆನ್‌ಲೈನ್ ಮಾರುಕಟ್ಟೆ ಷರತ್ತು ಬದಲಿಸಬೇಕಾದರೆ ಮಾರಾಟಗಾರರಿಗೆ ಕನಿಷ್ಠ 15 ದಿನ ಮುಂಚೆ ಹೇಳಬೇಕು. ಖಾತೆ ನಿಲ್ಲಿಸಿದರೆ ಕಾರಣ ಕೊಡಬೇಕು. ಹುಡುಕಾಟದಲ್ಲಿ ಯಾರನ್ನು ಮೇಲೆ, ಯಾರನ್ನು ಕೆಳಗೆ ಇಡ್ತೀವಿ ಅನ್ನೋದಕ್ಕೆ ಮುಖ್ಯ ಮಾನದಂಡ ಏನು ಅಂತ ತಿಳಿಸಬೇಕು.

ನಾವು ಕೇಳಬೇಕಾದದ್ದೂ ಇಷ್ಟೇ. ಮುಂಚೆ ಹೇಳಿ, ಕಾರಣ ಕೊಡಿ, ನಮ್ಮ ಮಾತು ಕೇಳೋಕೆ ಒಬ್ಬ ಮನುಷ್ಯನನ್ನು ಇಡಿ. 40 ರೂಪಾಯಿ ಉಳಿಸೋಕೆ ಕೂತವರಿಗೆ ಹದಿನೈದು ದಿನ ಅಂದರೆ ಬೆಲೆ ಬದಲಿಸೋದಾ, ಬಟ್ಟೆ ಇನ್ನಷ್ಟು ತರಿಸೋದಾ, ಬೇಡವಾ ಅಂತ ಯೋಚಿಸೋಕೆ ಸಿಗೋ ಸಮಯ.

ಮುಂದಿನ ಸಲ ಕ್ಯಾಶ್ ಆನ್ ಡೆಲಿವರಿ ಆರ್ಡರ್ ಮಾಡಿದಾಗ ಫೋನ್ ಎತ್ತಿ, ಪಾರ್ಸೆಲ್ ತಗೊಳ್ಳಿ. ಬೇಡ ಅನ್ನಿಸಿದರೆ ಹೊರಡೋ ಮುಂಚೆಯೇ ಕ್ಯಾನ್ಸಲ್ ಮಾಡಿ. ನಿಮ್ಮ ಮನೆಯಲ್ಲಿ ಯಾರಾದರೂ ಆನ್‌ಲೈನ್ ಮಾರ್ತಾರಾ? ನೂರು ರೂಪಾಯಿ ಮಾರಾಟದಲ್ಲಿ ಕೈಗೆ ಎಷ್ಟು ಉಳಿಯುತ್ತೆ ಅಂತ ಕೇಳಿ ಕಮೆಂಟ್‌ನಲ್ಲಿ ಬರೀರಿ 🙏

#ಕನ್ನಡ #ವ್ಯಾಪಾರದಇತಿಹಾಸ #ಸಣ್ಣವ್ಯಾಪಾರ #ಬಿಕಾಂಡೈರಿ