ಸುದ್ದಿ ನಮ್ಮ ಮನೀಗೆ ಹೆಂಗ ಬಂತು

ಮೊನ್ನೆ ನಮ್ಮ ಓಣ್ಯಾಗ ರದ್ದಿ ತೊಗೊಳ್ಳಾಂವ ಬಂದಿದ್ದ. ನಾವು ಈಗ ರವಿವಾರದ ಪೇಪರ್ ಒಂದ ತರಸ್ತೇವಿ. ಮೂರು ತಿಂಗಳದ್ದು ಕೂಡಿಸಿದ್ರೂ ಎರಡು ಕಿಲೋ ದಾಟಲಿಲ್ಲ. "ಯಾಕ್ರೀ ಅಕ್ಕಾರ, ಯಾರ ಮನ್ಯಾಗೂ ಪೇಪರ್ ಸಿಗವಲ್ದಲ್ಲ?" ಅಂದ. ನಾ ಏನ್ ಹೇಳ್ಲಿ? ಕೈಯಾಗ ಫೋನ್ ಹಿಡಕೊಂಡೇ ನಿಂತಿದ್ದೆ. ಅದಕ್ಕ ಇವತ್ತು ಅಡಗಿ ಬಿಟ್ಟು ಸುದ್ದಿ ಬಗ್ಗೆ ಬರೀತೀನಿ.

ಕನ್ನಡದಾಗ ಮೊದಲ ಪತ್ರಿಕಾ ಬಂದಿದ್ದು 1843ರ ಜುಲೈ 1ಕ್ಕ. ಮಂಗಳೂರಾಗ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅನ್ನೋ ಜರ್ಮನಿಯವರು 'ಮಂಗಳೂರ ಸಮಾಚಾರ' ಅಂತ ಹದಿನೈದು ದಿನಕ್ಕೊಮ್ಮೆ ತಗೀತಿದ್ರು. ಅದಕ್ಕ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಅದು ಕಲ್ಲಚ್ಚು. ಸಪಾಟ ಕಲ್ಲಿನ ಮ್ಯಾಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಿ, ಕಲ್ಲು ಒದ್ದಿ ಮಾಡಿ, ಮತ್ತ ಮಸಿ ಸವರಿ ಹಾಳಿ ಒತ್ತಿ ತಗಿಯೂದು. ಎಣ್ಣಿ ನೀರು ಕೂಡೂದಿಲ್ಲ ಅಂತ ನಮಗ ಒಲಿ ಮುಂದ ಗೊತ್ತಲ್ಲ, ಅದರ ಮ್ಯಾಲೇ ಆ ಅಚ್ಚು ನಡೀತಿತ್ತು. ಮುಂದಿನ ವರ್ಷ ಪತ್ರಿಕಾ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆತು.

1867ರಾಗ ಬ್ರಿಟಿಷರು ಒಂದು ಕಾಯ್ದೆ ಮಾಡಿದ್ರು. ಅಚ್ಚು ಹಾಕಿದವರು ಯಾರು, ಪ್ರಕಟ ಮಾಡಿದವರು ಯಾರು, ಎಲ್ಲಿ, ಅಂತ ಪೇಪರಿನ ಮ್ಯಾಲೆ ಇರಲೇಬೇಕು. ಅವರಿಗೆ ಬೇಕಾಗಿದ್ದು ಪತ್ರಿಕೆಗಳ ಮ್ಯಾಲೆ ಕಣ್ಣಿಡೂದು. ಆದ್ರ ಓದೋರಿಗೂ ಅದರಿಂದ ಉಪಯೋಗ ಆತು. ಪೇಪರಿನಾಗ ಎಲ್ಲ್ಯೋ ತಳಕ್ಕ ಸಣ್ಣಕ್ಷರದ ಸಾಲು ಇರ್ತದಲ್ಲ, ಅದs ಇದು. ನಾ ಸಣ್ಣಾಕಿ ಇದ್ದಾಗ ನಮ್ಮ ಕಾಕಾನ ಶ್ರದ್ಧಾಂಜಲಿಯೊಳಗ ಹೆಸರು ತಪ್ಪಾಗಿ ಬಂತು. ಅಪ್ಪಾ ಆ ಸಾಲು ನೋಡಿ ಸಂಪಾದಕರಿಗೆ ಕಾಗದ ಬರದ್ರು. ನಾಕು ದಿನಕ್ಕ 'ತಿದ್ದುಪಡಿ' ಅಂತ ಬಂತು. ಅವ್ವ ಅದನ್ನ ಕತ್ತರಿಸಿ ಟ್ರಂಕಿನಾಗ ಇಟ್ಟಿದ್ಲು.

ಮುಂದಿಂದು ನಿಮಗೂ ಗೊತ್ತದ. ಧಾರವಾಡ ಆಕಾಶವಾಣಿ 1950ರಾಗ ಸುರು ಆತು. ನಮ್ಮ ಮನ್ಯಾಗ ವಾರ್ತಾ ಮುಗೀದ ಹೊರತು ಯಾರೂ ಮಾತಾಡಂಗಿರಲಿಲ್ಲ. 1996ರಾಗ ಪವನಜ ಅವರ 'ವಿಶ್ವಕನ್ನಡ' ಇಂಟರ್ನೆಟ್ಟಿನಾಗ ಬಂತು, ಕನ್ನಡದ ಮೊದಲನೇ ಜಾಲತಾಣ. ಆಮ್ಯಾಲೆ ದಿನಾಪೂರ್ತಿ ಸುದ್ದಿ ಹೇಳೋ ಟೀವಿ ಬಂದ್ವು. 2016ರಾಗ ಜಿಯೋ ಬಂದು ಡೇಟಾ ಅಗ್ಗ ಆತು ನೋಡ್ರಿ, ಸುದ್ದಿ ನಮ್ಮ ಅಡಗಿಮನಿ ಕಟ್ಟೀ ಮ್ಯಾಲೇ ಬಂದು ಕೂತಿತು.

ಇದರಾಗ ಪತ್ರಿಕೆಯವರಿಗೆ ಏನಾತು? ನಾವು ಕೊಡೋ ರೊಕ್ಕಕ್ಕ ಪೇಪರ್ ಹಾಳೀ ಖರ್ಚೂ ಹುಟ್ಟೂದಿಲ್ಲ; ಅವರ ಸಂಸಾರ ನಡಿಯೂದು ಜಾಹೀರಾತಿನ ಮ್ಯಾಲೆ. ಆ ಜಾಹೀರಾತು ಈಗ ಗೂಗಲ್, ಫೇಸ್‌ಬುಕ್ ಕಡೆ ಹೊಂಟಾವ. 2020ರ ಕೊರೋನಾದಾಗಂತೂ ಪೇಪರ್ ಮುಟ್ಟಲಿಕ್ಕೇ ಜನಾ ಅಂಜಿದ್ರು. ಪುಟ ಕಡಿಮಿ ಆದ್ವು, ಎಷ್ಟೋ ಮಂದಿ ನೌಕರಿ ಹೋತು. ಮೊದಲು ಪೇಪರ್ ಅಚ್ಚಿಗೆ ಹೋಗೂದು ರಾತ್ರಿ. ಅಲ್ಲೀ ತನಕಾ ನಾಕು ಕಡೆ ವಿಚಾರಸಲಿಕ್ಕೆ ವ್ಯಾಳ್ಯಾ ಇರ್ತಿತ್ತು. ಈಗ ಇದ್ದ ಕಡಿಮಿ ಮಂದೀನೇ ಬರೀಬೇಕು, ವಿಡಿಯೋ ತಗೀಬೇಕು, ಅದೂ ಎಲ್ಲಾರಿಗಿಂತ ಮೊದಲು ಕಳಸಬೇಕು. ಮತ್ತ ನಾವರ ಎಲ್ಲಿ ಸುಮ್ಮನ ಕೂತೇವಿ? ಬಂದಿದ್ದನ್ನ ಮುಂದ ತಳ್ಳತೇವಿ.

2018 ನೆನಪದನೋ ಇಲ್ಲೋ? ಮಕ್ಕಳ ಕಳ್ಳರು ಬಂದಾರ ಅಂತ ಒಂದು ವಿಡಿಯೋ ಎಲ್ಲಾರ ಫೋನಿನಾಗೂ ಇತ್ತು. ಬೈಕಿನ ಮ್ಯಾಲೆ ಬಂದು ಕೂಸಿನ್ನ ಎತಗೊಂಡು ಹೋಗ್ತಾರ. ಅದು ಪಾಕಿಸ್ತಾನದ ಕರಾಚಿಯೊಳಗ ಜನರಿಗೆ ಎಚ್ಚರಿಕಿ ಹೇಳಲಿಕ್ಕೆ ಮಾಡಿದ್ದು. ಕೂಸಿನ್ನ ತಿರುಗಿ ಬಿಟ್ಟು ಬೋರ್ಡ್ ತೋರಸೋ ಕಡೀ ಭಾಗ ಯಾರೋ ಕತ್ತರಿಸಿದ್ರು. ಆ ವರ್ಷ ಮೇ ತಿಂಗಳಾಗ ಬೆಂಗಳೂರಿಗೆ ದುಡೀಲಿಕ್ಕೆ ಬಂದ ರಾಜಸ್ಥಾನದ ಹುಡುಗನ್ನ ಜನಾ ಹೊಡದು ಕೊಂದ್ರು. ಜುಲೈದಾಗ ಬೀದರ ಜಿಲ್ಲಾ ಮುರ್ಕಿಯೊಳಗ ಹೈದರಾಬಾದಿನ ಒಬ್ಬ ಎಂಜಿನಿಯರನ್ನ ಕೊಂದ್ರು. ಅವರು ಮಾಡಿದ್ದ ತಪ್ಪೇನು? ದಾರ್ಯಾಗ ಹುಡುಗರಿಗೆ ಚಾಕ್ಲೇಟ್ ಕೊಟ್ಟಿದ್ರು, ಅಷ್ಟ.

ಆ ವಿಡಿಯೋ ನನಗೂ ಬಂದಿತ್ತು. ಅಕ್ಕನ ಮೊಮ್ಮಗಳು ಅಂಗಳದಾಗ ಆಡ್ಲಿಕತ್ತಿದ್ಲು, ಎದಿ ಧಸಕ್ಕಂತು. ಒಲಿ ಮ್ಯಾಲೆ ಹಾಲು ಉಕ್ಕೂದ್ರೊಳಗ ತವರಮನಿ ಗುಂಪಿಗೆ, ಭಜನಾ ಮಂಡಳಕ್ಕ, ಓಣಿ ಗುಂಪಿಗೆ ಕಳಿಸಿದೆ. ನಾಕು ದಿನಕ್ಕ ಸೂಜಿ-ಪಿನ್ನು ಮಾರೋ ಮುದುಕಿ ಬಂದ್ಲು, ವರ್ಷಾ ಬರೂವಾಕಿ. ಹುಡುಗರು ಆಕೀ ಬುಟ್ಟಿ ಕಸಗೊಂಡು "ಚೀಲದಾಗೇನದ?" ಅಂತ ಸುತ್ತ ನಿಂತ್ರು. ಒಬ್ಬನ ಫೋನಿನಾಗ ನಾ ಕಳಿಸಿದ್ದ ವಿಡಿಯೋನೇ ಇತ್ತು. ಎದುರು ಮನಿ ಅಜ್ಜಿ ಓಡಿ ಬಂದು ಗುರ್ತಾ ಹೇಳಿ ಬಿಡಿಸಿದ್ರು. ನಾ ಬಾಗಲಾಗ ನಿಂತಿದ್ದೆ, ಬಾಯಿ ಬರಲಿಲ್ಲ. ಆ ಮುದುಕಿ ಮತ್ತ ನಮ್ಮ ಓಣಿಗೆ ಬಂದೇ ಇಲ್ಲ.

ಅದೇ ಜುಲೈದಾಗ ವಾಟ್ಸಾಪ್‌ನವರು ನಮ್ಮ ದೇಶದಾಗ ಒಮ್ಮೆಗೆ ಐದೇ ಕಡೆ ಕಳಸಬೇಕು ಅಂತ ಮಾಡಿದ್ರು. ಭಾಳ ಕೈ ದಾಟಿ ಬಂದಿದ್ದಕ್ಕ ಈಗ ಎರಡು ಬಾಣದ ಗುರ್ತು ಇರ್ತದ. ಅದು ಕಂಡ್ರ ಕೈ ತಡೀರಿ. ಯಾವ ಊರು, ಯಾವ ತಾರೀಖು, ಯಾರು ಹೇಳ್ಯಾರ, ಪೇಪರಿನಾಗ ಬಂದದನೋ ಇಲ್ಲೋ, ಇಷ್ಟು ನೋಡ್ರಿ. ಅಕ್ಕಿಯೊಳಗ ಹಳ್ಳ ಆರಸದ ನಾವು ಅನ್ನಕ್ಕ ಇಡೂದಿಲ್ಲಲ್ಲ?

ಪೇಪರಿನ ತಳಕ್ಕ ಇರೋ ಸಾಲು ಫಾರ್ವರ್ಡಿಗೆ ಇರೂದಿಲ್ಲ. ಕಳಿಸಿದಾಕೀ ಹೆಸರೇ ಅದಕ್ಕ ಸಾಲು. ಅವತ್ತು ಆ ಮೂರು ಗುಂಪಿನಾಗ "ಅದು ಸುಳ್ಳು, ನಂದು ತಪ್ಪಾತು" ಅಂತ ನಾ ಹಾಕಲಿಲ್ಲ, ನಾಚಿಕಿ ಬಂತು. ಇಷ್ಟು ವರ್ಷಾದ ಮ್ಯಾಲೆ ಇಲ್ಲಿ ಬರದೀನಿ. ಇದೇ ನನ್ನ ತಿದ್ದುಪಡಿ ಅಂತ ತಿಳ್ಕೋರಿ.