ಪಡ್ರೆಯ ಪ್ರಶ್ನೆಯೂ ವಿದ್ವತ್ತಿನ ಉತ್ತರವೂ

ಕೇರಳದ ಜನಾರೋಗ್ಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ೧೯೭೫ರಿಂದ ಆರಂಭಿಸುತ್ತಾರೆ. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಸಂಸ್ಥೆಯಲ್ಲಿ ಪ್ರೊ॥ ಕೆ. ಎನ್. ರಾಜ್ ಮತ್ತು ಅವರ ಸಹೋದ್ಯೋಗಿಗಳು ಸಿದ್ಧಪಡಿಸಿದ ಅಧ್ಯಯನವನ್ನು ಆ ವರ್ಷ ವಿಶ್ವಸಂಸ್ಥೆಯು ಪ್ರಕಟಿಸಿತು. ತಲಾ ವರಮಾನದಲ್ಲಿ ಭಾರತದ ಸರಾಸರಿಗಿಂತಲೂ ಹಿಂದುಳಿದಿದ್ದ ಈ ರಾಜ್ಯದಲ್ಲಿ ಶಿಶುಮರಣವು ಕಡಿಮೆಯಾಗಿಯೂ ಆಯುರ್ಮಾನವು ಅಧಿಕವಾಗಿಯೂ ಇದ್ದುದನ್ನು ಅದು ಅಂಕೆಗಳಿಂದ ತೋರಿಸಿಕೊಟ್ಟಿತು. ಹೆಣ್ಣುಮಕ್ಕಳ ವಿದ್ಯಾಭ್ಯಾಸ, ಊರೂರಿಗೂ ಹಬ್ಬಿದ್ದ ಚಿಕಿತ್ಸಾಲಯಗಳು, ಪಡಿತರದ ಅಂಗಡಿ ಇವುಗಳ ಫಲವೆಂದು ವಿದ್ವಾಂಸರು ಅದನ್ನು ವಿವರಿಸಿದರು. ‘ಕೇರಳ ಮಾದರಿ’ ಎಂಬ ಮಾತು ಜಗತ್ತಿನಲ್ಲಿ ಹರಡಿದ್ದು ಆ ಮೇಲೆಯೇ. ೧೯೮೪ರಲ್ಲಿ ಶ್ರೀ ಪಿ. ಜಿ. ಕೆ. ಪಣಿಕ್ಕರ್ ಮತ್ತು ಡಾ॥ ಸಿ. ಆರ್. ಸೋಮನ್ ಅವರು ಇನ್ನೊಂದು ಮಗ್ಗುಲನ್ನು ತೆರೆದು, ಇಲ್ಲಿ ಸಾವು ಕಡಿಮೆಯಾಗಿದ್ದರೂ ರೋಗ ಕಡಿಮೆಯಾಗಿಲ್ಲವೆಂಬುದನ್ನು ಎತ್ತಿ ತೋರಿಸಿದರು.

ಇವೆರಡೂ ದೊಡ್ಡ ಕಾರ್ಯಗಳೇ. ಬಡತನವಿದ್ದರೂ ಆರೋಗ್ಯ ಸಾಧ್ಯವೆಂಬ ಧೈರ್ಯವನ್ನು ಅವು ಆಳುವವರಿಗೆ ಕೊಟ್ಟವು. ಆದರೆ ರಾಜ್ಯದ ಸರಾಸರಿಯೆಂಬುದು ವಿಶಾಲವಾದ ಹೊದಿಕೆ. ಅದರ ಅಂಚಿನಲ್ಲಿ ಮಲಗಿರುವವನ ಕಾಲು ಹೊರಗೆ ಉಳಿದುದು ಮೇಲಿನಿಂದ ನೋಡುವವರಿಗೆ ಕಾಣುವುದಿಲ್ಲ. ಅಂಥ ಅಂಚಿನ ಊರೊಂದರ ವೃತ್ತಾಂತವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇನೆ. ಅದು ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ. ಕನ್ನಡ, ತುಳು ಮಾತನಾಡುವ ಜನರ ಊರು.

ಕಾಸರಗೋಡು ತಾಲ್ಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದುದು ೧೯೫೬ರ ನವೆಂಬರ್ ೧ರಂದು. ಈ ವಿಂಗಡಣೆಯ ಭಾಷಾಪ್ರಶ್ನೆಯನ್ನು ನಾವು ಸಾಕಷ್ಟು ಚರ್ಚಿಸಿದ್ದೇವೆ. ರೋಗಿಗೆ ಏನಾಯಿತೆಂಬುದನ್ನು ಅಷ್ಟಾಗಿ ಚರ್ಚಿಸಿದಂತೆ ತೋರುವುದಿಲ್ಲ. ಅವನ ದೊಡ್ಡಾಸ್ಪತ್ರೆ ಅಂದಿಗೂ ಇಂದಿಗೂ ಮಂಗಳೂರೇ. ಆದರೆ ಅವನ ಸರಕಾರದ ವೈದ್ಯಕೀಯ ಕಾಲೇಜುಗಳು ತಿರುವನಂತಪುರದಲ್ಲಿ (೧೯೫೧), ಕೋಳಿಕ್ಕೋಡಿನಲ್ಲಿ (೧೯೫೭) ನೆಲೆಗೊಂಡವು. ೧೯೮೪ರ ಮೇ ತಿಂಗಳಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ಮೇಲೂ ಬಹುಕಾಲ ಅಲ್ಲಿಗೆ ಸರಕಾರಿ ವೈದ್ಯಕೀಯ ಕಾಲೇಜೊಂದು ಬರಲಿಲ್ಲ.

ಹಾಗೆಂದು ಆ ನೆಲದಲ್ಲಿ ಸಂಶೋಧನೆಯೇ ಇರಲಿಲ್ಲವೆನ್ನಲಾಗದು. ಮದರಾಸು ಸರಕಾರವು ೧೯೧೬ರಲ್ಲಿಯೇ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರವನ್ನು ತೆರೆದಿತ್ತು. ೧೯೭೦ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ೧೯೮೬ರಲ್ಲಿ ನೆರೆಯ ಪುತ್ತೂರಿನಲ್ಲಿ ಗೇರು ಬೆಳೆಗೇ ಒಂದು ರಾಷ್ಟ್ರೀಯ ಕೇಂದ್ರ ಸ್ಥಾಪಿತವಾಯಿತು. ತೆಂಗಿನ ಗರಿ ಹಳದಿಯಾದರೆ, ಗೇರಿನ ಚಿಗುರು ಕರಿದಾದರೆ ಪರೀಕ್ಷಿಸಲು ಪಂಡಿತರಿದ್ದರು. ಆ ಸಂಸ್ಥೆಗಳನ್ನು ಹಳಿಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವು ತಮಗೆ ವಹಿಸಿದ ಕೆಲಸವನ್ನು ಮಾಡಿದವು. ಮನುಷ್ಯರ ರೋಗವನ್ನು ನೋಡುವ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ.

ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ಗುಡ್ಡಗಳ ನೆತ್ತಿಯಲ್ಲಿದ್ದವು, ಮನೆಗಳು ಕಣಿವೆಯಲ್ಲಿದ್ದವು. ಚಿಗುರನ್ನು ಹೀರುವ ಟೀ ಸೊಳ್ಳೆಯನ್ನು ಕೊಲ್ಲುವ ಸಲುವಾಗಿ ೧೯೭೦ರ ದಶಕದ ಉತ್ತರಾರ್ಧದಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಅಲ್ಲಿ ಸುರಿಯಲಾಯಿತು. ಸಿಂಪರಣೆಯ ದಿನಗಳಲ್ಲಿ ಜನರು ಬಾವಿಗಳನ್ನು ಮುಚ್ಚಿಕೊಳ್ಳಬೇಕೆಂಬುದು ನಿಯಮ. ಆದರೆ ಆ ಸೀಮೆಯ ಮನೆಗಳಿಗೆ ನೀರು ಬರುವುದು ಬಾವಿಯಿಂದ ಮಾತ್ರವಲ್ಲ. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಸಣ್ಣ ಧಾರೆಯಾಗಿ ಹರಿದು ಬಂದ ನೀರು ಅಂಗಳದಾಚೆಯ ತೆರೆದ ಕೆರೆಯಲ್ಲಿ ನಿಲ್ಲುತ್ತದೆ. ತೋಡಿನ ನೀರನ್ನು ದನಕರುಗಳು ಕುಡಿಯುತ್ತವೆ. ಸುರಂಗವನ್ನೂ ತೋಡನ್ನೂ ಮುಚ್ಚುವುದು ಹೇಗೆ? ನಿಯಮವನ್ನು ಬರೆದವರು ಅಂಥ ಊರನ್ನು ಕಂಡಿರಲಾರರು.

ಮೊದಲು ಗಮನಕ್ಕೆ ಬಂದುದು ದನಗಳ ಸಂಗತಿ. ಕೈಕಾಲು ತಿರುಚಿದ ಕರುಗಳು ಹುಟ್ಟುತ್ತಿರುವುದನ್ನು ಕೃಷಿಕರೂ ಪತ್ರಕರ್ತರೂ ಆದ ಶ್ರೀ ಪಡ್ರೆಯವರು ಕಂಡು ಬರೆದರು. ಆಗ ಅದು ಯಾರನ್ನೂ ಕದಲಿಸಲಿಲ್ಲ. ಪಡ್ರೆಯ ವಾಣೀನಗರದಲ್ಲಿ ೧೯೮೦ರ ದಶಕದಿಂದ ವೈದ್ಯವೃತ್ತಿ ನಡೆಸುತ್ತಿದ್ದ ಡಾ॥ ವೈ. ಎಸ್. ಮೋಹನ ಕುಮಾರರು ಕಾಲಕ್ರಮದಲ್ಲಿ ಒಂದು ವಿಚಿತ್ರವನ್ನು ಗುರುತಿಸಿದರು. ಚಿಕ್ಕದೊಂದು ಪ್ರದೇಶದಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಅರ್ಬುದರೋಗ ಇವು ತಾವು ನಿರೀಕ್ಷಿಸಿದುದಕ್ಕಿಂತ ಅಧಿಕವಾಗಿವೆ; ಕೊಡೆಂಕಿರಿ ತೋಡಿನ ಇಕ್ಕೆಲದ ಮನೆಗಳಲ್ಲಿ ಇನ್ನೂ ಅಧಿಕವಾಗಿವೆ. ಅವರು ಮನೆಮನೆಯ ಲೆಕ್ಕವನ್ನು ಬರೆದಿಟ್ಟರು. ಕಾರಣ ಇಂಥದ್ದೇ ಎಂದು ಸಾರಲಿಲ್ಲ. ನೀರಿನಲ್ಲಿ ಏನೋ ಇರಬಹುದೆಂದು ಶಂಕಿಸಿದರು. ೧೯೯೦ರ ದಶಕದಲ್ಲಿ ವೈದ್ಯಕೀಯ ಪತ್ರಿಕೆಗೆ ಬರೆದು, ಬಲ್ಲವರು ಬಂದು ಪರಿಶೀಲಿಸಬೇಕೆಂದು ಬೇಡಿಕೊಂಡರು.

ಈ ಬರೆಹದ ಸ್ವರೂಪವನ್ನು ಸ್ವಲ್ಪ ಯೋಚಿಸಬೇಕು. ಅದು ಸಂಶೋಧನೆಯಲ್ಲ, ಹೋಲಿಸುವುದಕ್ಕೆ ಬೇರೊಂದು ಊರಿನ ಲೆಕ್ಕವಿಲ್ಲ, ಪ್ರಯೋಗಶಾಲೆಯಿಲ್ಲ. ಆದರೆ ಸಂಶೋಧನೆಗೆ ಮೊದಲು ಬೇಕಾದ ಪ್ರಶ್ನೆ ಅದರಲ್ಲಿ ಇದ್ದಿತು, ಮತ್ತು ಆ ಪ್ರಶ್ನೆ ರೋಗಿಗಳನ್ನು ಹೆಸರು ಹಿಡಿದು ಬಲ್ಲವನೊಬ್ಬನಿಂದ ಬಂದಿತ್ತು. ವಿಶ್ವವಿದ್ಯಾಲಯವೊಂದು ಆಗಲೇ ಎದ್ದು ಬಂದಿದ್ದರೆ, ಸಿಂಪರಣೆ ಇನ್ನೂ ನಡೆಯುತ್ತಿದ್ದಾಗಲೇ ಗಾಳಿಯನ್ನೂ ನೀರನ್ನೂ ರಕ್ತವನ್ನೂ ಅಳೆಯಬಹುದಾಗಿತ್ತು. ಹಾಗಾಗಲಿಲ್ಲ. ಸಿಂಪರಣೆಯನ್ನು ಮೊದಲು ತಡೆದುದು ವಿದ್ವತ್ಸಭೆಯಲ್ಲ, ಹೊಸದುರ್ಗದ ಮುನ್ಸೀಫ್ ಕೋರ್ಟು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಶ್ರೀಮತಿ ಲೀಲಾಕುಮಾರಿ ಅಮ್ಮನವರು ಅಲ್ಲಿ ದಾವೆ ಹೂಡಿ ೧೯೯೮ರಲ್ಲಿ ತಡೆಯಾಜ್ಞೆಯನ್ನು ಪಡೆದರು.

೨೦೦೧ರ ನಂತರ ಅಧ್ಯಯನಗಳು ಒಂದರ ಮೇಲೊಂದು ಬಂದವು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯು ಪಡ್ರೆಯ ಜನರ ರಕ್ತದಲ್ಲಿಯೂ ನೀರಿನಲ್ಲಿಯೂ ವಿಷದ ಅವಶೇಷವು ಅತ್ಯಧಿಕವಾಗಿದೆಯೆಂದಿತು. ಕಾರ್ಪೊರೇಶನ್ ತಾನೇ ಚೆನ್ನೈಯ ಸಂಸ್ಥೆಯೊಂದರಿಂದ ಮಾಡಿಸಿದ ಪರೀಕ್ಷೆಯು ಇದಕ್ಕೆ ವಿರುದ್ಧವಾದ ತೀರ್ಮಾನವನ್ನು ಕೊಟ್ಟಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಪ್ರೇರಣೆಯಿಂದ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ನಡೆಸಿದ ಅಧ್ಯಯನ ಇವುಗಳಲ್ಲಿ ಮುಖ್ಯವಾದುದು. ಗೇರುಗುಡ್ಡದ ಬುಡದ ಊರಿನ ೧೧೭ ಶಾಲಾಬಾಲಕರನ್ನು, ಸಿಂಪರಣೆಗೆ ಒಳಗಾಗದ ಊರಿನ ೯೦ ಬಾಲಕರೊಡನೆ ಅವರು ಹೋಲಿಸಿದರು. ವಯಸ್ಸು ೧೦ರಿಂದ ೧೯. ಮೊದಲನೆಯ ಗುಂಪಿನ ೧೦೦ರಲ್ಲಿ ೭೮ ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಕಂಡುಬಂದಿತು. ಎರಡನೆಯ ಗುಂಪಿನಲ್ಲಿ ೨೯ ಮಂದಿಯಲ್ಲಿ. ಸಿಂಪರಣೆ ನಿಂತು ತಿಂಗಳುಗಳು ಕಳೆದ ಮೇಲಿನ ಸ್ಥಿತಿಯಿದು. ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದೆಂದು ಅವರು ತೀರ್ಮಾನಿಸಿ, ೨೦೦೩ರಲ್ಲಿ ಅಮೆರಿಕದ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಇದನ್ನು ಎಲ್ಲರೂ ಒಪ್ಪಲಿಲ್ಲ. ಕೇಂದ್ರ ಸರಕಾರದ ದುಬೆ ಸಮಿತಿ (೨೦೦೩), ಮಾಯಿ ಸಮಿತಿ (೨೦೦೪) ಇವು ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸ್ಥಾಪಿತವಾಗಿಲ್ಲವೆಂದವು. ಕೇರಳದ ಕೆಲವು ಕೃಷಿವಿಜ್ಞಾನಿಗಳು ಇಂದಿಗೂ ಅದೇ ಅಭಿಪ್ರಾಯದವರು. ರೋಗಿಗಳನ್ನು ಶಿಬಿರ ಸೇರಿಸಿ ಎಣಿಸುವುದು ಶಾಸ್ತ್ರೀಯವಲ್ಲ, ಹೋಲಿಕೆಯ ಗುಂಪು ಬೇಕು ಎಂಬ ಅವರ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವುದು ಸರಿಯಲ್ಲ. ಹುಟ್ಟಿದ ಪ್ರತಿಯೊಂದು ವೈಕಲ್ಯವನ್ನೂ ಒಂದೇ ಕಾರಣಕ್ಕೆ ಕಟ್ಟಿಹಾಕುವುದು ವಿಜ್ಞಾನವಾಗಲಾರದು. ಆದರೆ ಇಲ್ಲಿ ನನಗೆ ತೋರುವ ನ್ಯಾಯದ ಪ್ರಶ್ನೆ ಬೇರೆ. ಸಿಂಪರಣೆ ಆರಂಭವಾಗುವ ಮುನ್ನ ಆ ಊರುಗಳಲ್ಲಿ ಯಾವ ರೋಗ ಎಷ್ಟಿತ್ತೆಂಬ ದಾಖಲೆಯನ್ನು ಯಾರೂ ಮಾಡಿರಲಿಲ್ಲ, ನಡೆಯುತ್ತಿದ್ದಾಗಲೂ ಮಾಡಲಿಲ್ಲ. ಆ ಮೇಲೆ ಸಾಕ್ಷ್ಯ ಸಾಲದೆಂದು ಹೇಳುವುದು, ಕಡತವನ್ನೇ ಬರೆಯದ ಶ್ಯಾನುಭೋಗನು ಕಡತದಲ್ಲಿ ನಿನ್ನ ಹೊಲವಿಲ್ಲವೆಂದು ರೈತನನ್ನು ಹಿಂದಕ್ಕೆ ಕಳುಹಿಸಿದಂತೆ. ಸಂಶೋಧನೆಯಾಗದಿದ್ದುದರ ನಷ್ಟವು, ಅದನ್ನು ಮಾಡಿಸಬೇಕಾಗಿದ್ದವರ ಮೇಲೆ ಬೀಳದೆ, ಮಗುವನ್ನು ಎತ್ತಿಕೊಂಡು ಶಿಬಿರದ ಸಾಲಿನಲ್ಲಿ ನಿಂತ ತಾಯಿಯ ಮೇಲೆ ಬಿದ್ದಿತು.

೨೦೧೧ರಲ್ಲಿ ಮೂರು ಸಂಗತಿಗಳು ಕೂಡಿಬಂದವು. ಕೋಳಿಕ್ಕೋಡು ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯವಿಭಾಗವು ಸಿಂಪರಣೆಯ ಊರನ್ನೂ ಸಿಂಪರಣೆಯಿಲ್ಲದ ಊರನ್ನೂ ಹೋಲಿಸಿ ವರದಿ ನೀಡಿತು. ಜಿನೀವಾದಲ್ಲಿ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ ೧೩ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದರ ಉತ್ಪಾದನೆಯನ್ನೂ ಮಾರಾಟವನ್ನೂ ತಡೆಯಿತು. ಎರ್ನಾಕುಲದ ನಿವಾಸಿಗಳಾದ ನಾವು ಇಲ್ಲಿ ಒಂದು ಮಾತನ್ನು ಮರೆಯಬಾರದು. ಪೆರಿಯಾರಿನ ದಡದ ಏಲೂರಿನಲ್ಲಿ, ನಮ್ಮ ಮನೆಗಳಿಂದ ಅನತಿದೂರದಲ್ಲಿ, ಸರಕಾರಿ ಸ್ವಾಮ್ಯದ ಹಿಂದುಸ್ಥಾನ್ ಇನ್‌ಸೆಕ್ಟಿಸೈಡ್ಸ್ ಕಾರ್ಖಾನೆಯು ಇದೇ ಎಂಡೋಸಲ್ಫಾನನ್ನು ತಯಾರಿಸುತ್ತಿತ್ತು. ಪಡ್ರೆಯ ಕಥೆಯನ್ನು ದೂರದ ಕಥೆಯೆಂದು ಓದುವ ಅಧಿಕಾರ ನಮಗಿಲ್ಲ.

೨೦೧೭ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬಾಧಿತರಿಗೆ ತಲಾ ೫ ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ರಾಜ್ಯಕ್ಕೆ ಆಜ್ಞಾಪಿಸಿತು. ೨೦೨೨ರಲ್ಲಿ ಅದೇ ವಿಷಯವಾಗಿ ಮತ್ತೊಮ್ಮೆ ಗದರಿಸಬೇಕಾಯಿತು. ಗಡಿಯಾಚೆ ದಕ್ಷಿಣ ಕನ್ನಡದ ಗೇರುತೋಟಗಳಲ್ಲಿಯೂ ಇದೇ ಸಿಂಪರಣೆ ನಡೆದಿತ್ತು. ಕೊಕ್ಕಡ, ಕೊಯಿಲಗಳಲ್ಲಿ ಕರ್ನಾಟಕವು ಬಾಧಿತ ಮಕ್ಕಳಿಗಾಗಿ ಹಗಲು ಪಾಲನಾ ಕೇಂದ್ರಗಳನ್ನು ತೆರೆಯಿತು. ಕೇರಳದ ಕಡೆಯಲ್ಲಿ ಪಂಚಾಯತುಗಳ ‘ಬಡ್ಸ್’ ಶಾಲೆಗಳಿವೆ. ಗುಡ್ಡಗಳ ಸಾಲು ಒಂದೇ, ವಿಷ ಒಂದೇ. ಪಟ್ಟಿಗಳು ಮಾತ್ರ ಎರಡು.

ಗಡಿಯೆಂಬುದು ರೋಗಿಗೆ ಏನೆಂಬುದು ೨೦೨೦ರ ವಸಂತದಲ್ಲಿ ನಿಚ್ಚಳವಾಯಿತು. ಕೋವಿಡ್ ಭೀತಿಯಿಂದ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಂಬ್ಯುಲೆನ್ಸಿನಲ್ಲಿಯೇ ಉಳಿದರು. ಏಪ್ರಿಲ್ ೧ರಂದು ಇಲ್ಲಿನ, ಅಂದರೆ ಎರ್ನಾಕುಲದ, ಹೈಕೋರ್ಟು ತಡೆಯನ್ನು ತೆಗೆಯಿಸಬೇಕೆಂದು ಕೇಂದ್ರ ಸರಕಾರಕ್ಕೆ ಆದೇಶಿಸಿತು. ೨೦೧೩ರಲ್ಲಿ ಶಂಕುಸ್ಥಾಪನೆಯಾಗಿ ನಿಂತೇ ಇದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆ ದಿನಗಳಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಗಿ ಮಾಡಲಾಯಿತು. ಹೊರರೋಗಿಗಳ ವಿಭಾಗ ಅಲ್ಲಿ ಆರಂಭವಾದುದು ೨೦೨೨ರಲ್ಲಿ. ಇತ್ತ ೨೦೦೯ರಲ್ಲಿ ಸ್ಥಾಪಿತವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವು ಲೀಲಾಕುಮಾರಿ ಅಮ್ಮನವರು ಉದ್ಯೋಗದಲ್ಲಿದ್ದ ಅದೇ ಪೆರಿಯದಲ್ಲಿ ನೆಲೆಗೊಂಡಿದೆ. ಅಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಕಲಿಸುತ್ತಾರೆ.

ಆದುದರಿಂದ ಬಲ್ಲವರು ದೂರದಲ್ಲಿದ್ದಾರೆಂಬ ಮಾತು ಈಗ ಸಲ್ಲುವುದಿಲ್ಲ. ಮಾಡಬೇಕಾದ ಕೆಲಸದ ರೂಪವೂ ಬದಲಾಗಿದೆ. ಕಾರಣ ಯಾವುದೆಂಬ ವಾದ ಮುಗಿಯದಿರಬಹುದು. ಹಾಸಿಗೆ ಹಿಡಿದ ಮಗನನ್ನು ಮೂವತ್ತು ವರ್ಷ ಎತ್ತಿ ಮಲಗಿಸಿದ ತಾಯಿಗೆ ಈಗ ಎಪ್ಪತ್ತಾಗಿದೆಯೆಂಬುದರಲ್ಲಿ ವಾದವಿಲ್ಲ. ಅವಳ ನಂತರ ಅವನನ್ನು ನೋಡಿಕೊಳ್ಳುವವರು ಯಾರು, ಅದಕ್ಕೆ ತಗಲುವ ವೆಚ್ಚವೆಷ್ಟು, ಪಂಚಾಯತಿನ ಕೈಯಲ್ಲಿ ಏನಾದೀತು ಎಂಬುದೂ ಸಂಶೋಧನೆಯೇ. ಅದನ್ನು ಕೇಳಬೇಕಾದುದು ತುಳುವಿನಲ್ಲಿ, ಕನ್ನಡದಲ್ಲಿ. ಉತ್ತರವನ್ನು ಮರಳಿ ಒಪ್ಪಿಸಬೇಕಾದುದೂ ಆ ನುಡಿಗಳಲ್ಲಿಯೇ. ಅಧ್ಯಯನದ ವರದಿಗಳನ್ನು ಕನ್ನಡಕ್ಕೆ ತರುವ ಭಾಗವನ್ನು ನಮ್ಮಂಥ ಸಂಘಗಳು ವಹಿಸಿಕೊಳ್ಳಬಹುದು.

೨೦೦೧ರಲ್ಲಿ ರಕ್ತ ಕೊಟ್ಟ ಆ ೧೧೭ ಹುಡುಗರು ಈಗ ಮೂವತ್ತು, ನಲವತ್ತರ ವಯಸ್ಸಿನವರು. ಅವರನ್ನು ಮತ್ತೆ ಕಂಡು ಮಾತನಾಡಿಸಿ ಬರಲು ಉಕ್ಕಿನಡ್ಕದಿಂದ ಹೊರಟವನು ಸಂಜೆಯೊಳಗೆ ಹಿಂತಿರುಗಬಹುದು.